ದರಕಿನ ಹೆಡಿಗೆಯ ತೂಕ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಾರವಾರದಲ್ಲಿ ಕೋಣೆ ಹಿಡಿದು, ವಾರಕ್ಕೆ ಮೂರು ದಿನ ಹಣಕೋಣದ ಬಸ್ಸು ಹತ್ತುತ್ತಿದ್ದೆ. ಅಲ್ಲಿನ ಗುಡ್ಡದ ಕಾಡು ಎಷ್ಟು ಇಂಗಾಲವನ್ನು ಹಿಡಿದಿಟ್ಟುಕೊಂಡಿದೆ, ಅದರ ಮಣ್ಣು ಎಷ್ಟು ಅನಿಲ ಹೊರಬಿಡುತ್ತದೆ ಎಂದು ಅಳೆದು ನಕ್ಷೆಯಲ್ಲಿ ಗುರುತಿಸುವುದು ನನ್ನ ಕೆಲಸ. ಮರಗಳ ಸುತ್ತಳತೆ ತೆಗೆಯಬೇಕು. ನೆಲದ ಮೇಲೆ ತಗಡಿನ ಡಬ್ಬ ಬೋರಲು ಹಾಕಿ, ಒಳಗಿಟ್ಟ ಬಟ್ಟಲಿನ ದ್ರಾವಣ ಎಷ್ಟು ಅನಿಲ ಹೀರಿತೆಂದು ಮರುದಿನ ನೋಡಬೇಕು. ಉದುರುವ ಒಣ ಎಲೆಗಳ, ಅಂದರೆ ಊರವರು ದರಕು ಎನ್ನುವುದರ ಲೆಕ್ಕಕ್ಕೆ ಹಗ್ಗ ಕಟ್ಟಿದ ಚೌಕಗಳಿದ್ದವು.

ಒಂದು ಬೆಳಿಗ್ಗೆ ಹೋದರೆ ಚೌಕಗಳೆಲ್ಲ ಗುಡಿಸಿದ ಅಂಗಳದ ಹಾಗಿದ್ದವು. ದಾರಿಯುದ್ದಕ್ಕೂ ಚೆಲ್ಲಿದ್ದ ಎಲೆಗಳನ್ನು ನೋಡುತ್ತ ಇಳಿದೆ. ಕೆಳಗಿನ ಗದ್ದೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಅವನ್ನು ಗೊಬ್ಬರಕ್ಕೆಂದು ಹರಡುತ್ತಿದ್ದಳು.

"ಒಂದು ತಿಂಗಳ ಕೆಲಸ ಹಾಳು ಮಾಡಿದಿರಲ್ಲ!" ಎಂದು ಕೂಗಿದೆ.

ಅವಳು ಬೆಚ್ಚಿ ನಿಂತಳು. "ದರಕಿಗೂ ಒಡೆಯರು ಇರ್ತ್ರು ಅಂತ ನಂಗೆ ಗುತ್ತಿರ್ಲಿಲ್ಲ, ತಂಗಿ."

ಮರುದಿನ ನಾನು ಗುಡ್ಡ ಹತ್ತುವ ಹೊತ್ತಿಗೆ ಅವಳು ತುಂಬಿದ ಹೆಡಿಗೆಯೊಂದಿಗೆ ಕಾಯುತ್ತಿದ್ದಳು. "ತಕಾ, ನಿನ್ನ ಎಲೆ ವಾಪಸ್ ತಂದೆ." ಅದರಲ್ಲಿ ಗೇರು ಎಲೆ, ತೆಂಗಿನ ಗರಿಯ ಚೂರು, ಕೋಳಿ ಪುಕ್ಕ ಎಲ್ಲ ಇದ್ದವು. ಅಷ್ಟು ದೂರ ಹೊತ್ತು ತಂದಿದ್ದಳು. ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ಕೆಲಸ ಏನೆಂದು ಹೇಳಿದೆ.

"ಮಣ್ಣು ಉಸ್ರು ಬಿಡ್ತದೆ ಅಂತ್ಯಾ? ಹಂಗಾರೆ ದರಕೆಲ್ಲ ನಾವು ತಕಂಡು ಹೋದ್ರೆ ಅದು ಎಂತದು ತಿಂತದೆ?"

ನಾವು ಬೀಳುವ ಎಲೆಗಳನ್ನು ಎಣಿಸಿದ್ದೆವೇ ಹೊರತು ಹೊರಟುಹೋಗುವ ಎಲೆಗಳ ಬಗ್ಗೆ ಯೋಚಿಸಿರಲೇ ಇಲ್ಲ. ಹೆಡಿಗೆಯನ್ನು ತೂಕದ ಕೊಕ್ಕೆಗೆ ಸಿಕ್ಕಿಸಿದೆ.

"ನನ್ನ ಹೆಸ್ರು ಬರಿತ್ಯನೆ? ಫಾರೆಸ್ಟ್ ಗಾರ್ಡು ನೋಡಿದ್ರೆ ಕಷ್ಟ."

"ಇಲ್ಲ ಅಕ್ಕಾ, ತೂಕ ಮಾತ್ರ."

ಆ ಬೇಸಿಗೆ ಪೂರ್ತಿ ಅವಳೂ ಅಕ್ಕಪಕ್ಕದ ಮನೆಯ ಮೂವರು ಹೆಂಗಸರೂ ನನ್ನ ಹತ್ತಿರ ತೂಕ ಮಾಡಿಸಿಕೊಂಡೇ ಇಳಿಯುತ್ತಿದ್ದರು. ಹೆಚ್ಚು ತೂಗಿದರೆ ನನಗೆ ಒಳ್ಳೆಯದಾಗುತ್ತದೆಂದು ಒಬ್ಬಳು ಕಾಲಲ್ಲಿ ತುಳಿದು ತುಳಿದು ತುಂಬುತ್ತಿದ್ದಳು. ಬೇಡವೆಂದು ಹೇಳಿ ಸಾಕಾಗಿತ್ತು.

ಮಳೆಗಾಲಕ್ಕೆ ಮುಂಚೆ ನಮ್ಮ ಹಿರಿಯ ಸಂಶೋಧಕರು ಬಂದರು. ಲೆಕ್ಕದ ಪುಸ್ತಕದಲ್ಲಿ ನಾನೇ ಗೀಟು ಹಾಕಿಕೊಂಡಿದ್ದ, 'ಒಯ್ದ ಎಲೆ' ಎಂಬ ಹೊಸ ಸಾಲನ್ನು ನೋಡಿ, "ಯಾರು ಒಯ್ದದ್ದು?" ಎಂದು ಕೇಳಿದರು.

"ಊರವರು."

ಬೈಯುತ್ತಾರೆಂದು ಕಾದೆ. ಅವರು ಪುಟ ತಿರುವಿ, "ಇನ್ನೊಂದು ಜಾಗದಲ್ಲೂ ಇದನ್ನು ಅಳೆಯೋಣ" ಎಂದರು.

ನಕ್ಷೆಯಲ್ಲಿ ಹಣಕೋಣದ ಗುಡ್ಡಕ್ಕೆ ಇಂಗಾಲ ಕಡಿಮೆ ಇರುವ ಕಾಡಿನ ಬಣ್ಣವಾದ ತಿಳಿಹಸಿರು ಬಂತು. ಕಾಡು ಬಡವಾಗಲು ಆ ಹೆಂಗಸರೇ ಕಾರಣವೆಂದು ಓದುವವರು ಎಣಿಸಿಯಾರೆಂಬ ಚಿಂತೆ ನನಗೆ. ಕೆಳಗೆ ಒಂದು ಸಾಲು ಸೇರಿಸಿದೆ: ಇಲ್ಲಿಯ ಎಲೆ ಕೆಳಗಿನ ಭತ್ತದ ಗದ್ದೆಗಳ ಮಣ್ಣು ಸೇರುತ್ತದೆ.