ಅಟ್ಟದ ಮೇಲಿನ ಎಚ್ಚರಿಕೆ

ಭಾನುಪ್ರಿಯಾ ಯಾವ ವಸ್ತುವನ್ನೂ ಎಸೆದವಳಲ್ಲ. ಹೂವಿನ ಪೊಟ್ಟಣದ ದಾರ, ಸಿಹಿತಿಂಡಿ ಡಬ್ಬದ ಮುಚ್ಚಳ, ಮುರಿದ ಛತ್ರಿಯ ಕಡ್ಡಿ, ಇವೆಲ್ಲಕ್ಕೂ ಅವಳಲ್ಲಿ ಆಶ್ರಯವಿತ್ತು. ಭಗವಂತನ ಸೃಷ್ಟಿಯಲ್ಲಿ ನಿರರ್ಥಕವಾದದ್ದು ಯಾವುದೂ ಇಲ್ಲವೆಂದು ಪ್ರವಚನಕಾರರು ಪೀಠದ ಮೇಲೆ ಕುಳಿತು ಹೇಳುತ್ತಾರೆ. ಅವಳು ಅದನ್ನು ಮಂಚದ ಕೆಳಗೆ ಆಚರಿಸಿ ತೋರಿಸಿದ್ದಳು. ಹಂದನಕೆರೆಯಲ್ಲಿ ಹುಟ್ಟಿ, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ತಿಪಟೂರಿನ ಅಂಚಿನ ಮನೆಗೆ ಸೊಸೆಯಾಗಿ ಬಂದ ಈಕೆ, ಮೋಟಾರು ರಿವೈಂಡಿಂಗ್ ಮಾಡುವ ದಸ್ತಗೀರ್ ಸಾಹೇಬರ ವರ್ಕ್‌ಶಾಪಿಗೆ ಕೆಲಸಕ್ಕೆ ಸೇರಿ, ಅಲ್ಲಿಯ ಒಳಕೋಣೆಯಲ್ಲಿ ತೆಂಗಿನಕಾಯಿಗೆ ಕಿವಿಗೊಡುವ ಯಂತ್ರವೊಂದನ್ನು ಕಟ್ಟಿದಳು.

ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದ ಮೇಲೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದಾಗ ಲೊಡಲೊಡನೆ ಸದ್ದು ಮಾಡುವವರೆಗೆ ಈ ಸೀಮೆಯಲ್ಲಿ ಅದನ್ನು ಯಾರೂ ಕೆಳಗಿಳಿಸುವುದಿಲ್ಲ. ಸದ್ದು ಬಂದದ್ದು ಕೊಬ್ಬರಿ. ಬಾರದ್ದು ಮರಳಿ ಅಟ್ಟಕ್ಕೆ. ಭಾನುಪ್ರಿಯಳ ಯಂತ್ರಕ್ಕೆ ತೊಟ್ಟಿಲಿನಂಥ ಒಂದು ಬಟ್ಟಲು. ಕಾಯಿಯನ್ನು ಅದರಲ್ಲಿಟ್ಟರೆ ತೊಟ್ಟಿಲು ತೂಗುತ್ತದೆ, ಮೈಕು ಆಲಿಸುತ್ತದೆ, ಒಣಗಿದ್ದಕ್ಕೆ ಹಸಿರು ದೀಪ, ಒಣಗದ್ದಕ್ಕೆ ಕೆಂಪು ದೀಪ ತೀರ್ಪು ಹೇಳುತ್ತದೆ.

ಇದಕ್ಕೆಲ್ಲ ಬುದ್ಧಿ ಹೇಳುತ್ತಿದ್ದದ್ದು ಅಂಗೈಯಗಲದ ಒಂದು ಕಂಪ್ಯೂಟರು. ಅದರ ಆಪರೇಟಿಂಗ್ ಸಿಸ್ಟಮ್ಮಿನ ಹೃದಯಸ್ಥಾನಕ್ಕೆ ಕರ್ನಲ್ ಎಂದು ಹೆಸರು. ಮಠದ ದಾಸೋಹದಲ್ಲಿ ಪಾತ್ರೆಕೋಣೆಯ ಉಗ್ರಾಣಿ ಹೇಗೋ, ಕಂಪ್ಯೂಟರಿನ ಮೆಮೊರಿಗೆ ಕರ್ನಲ್ ಹಾಗೆ. ಕೇಳಿದವರಿಗೆಲ್ಲ ಜಾಗ ಕೊಡುತ್ತದೆ. ಕೆಲಸ ಮುಗಿದೊಡನೆ ಅವರು ಹಿಂದಿರುಗಿಸಬೇಕು. ಹಿಂದಿರುಗಿಯೂ ಇಲ್ಲ, ಯಾರ ಕೈಯಲ್ಲೂ ಇಲ್ಲ, ಎಲ್ಲಿಟ್ಟೆವೆಂದು ಯಾರಿಗೂ ನೆನಪಿಲ್ಲ ಎಂಬಂಥ ಅನಾಥ ತುಂಡು ಕಣ್ಣಿಗೆ ಬಿದ್ದರೆ, ಆ ಉಗ್ರಾಣಿಯು ಒಂದು ಎಚ್ಚರಿಕೆಯನ್ನು ಬರೆದಿಡುತ್ತಾನೆ. ಕಾಯಿಯ ಸದ್ದನ್ನು ಮೈಕಿನಿಂದ ಕರ್ನಲ್ಲಿನೊಳಕ್ಕೆ ತರುವ ಡ್ರೈವರ್ ಎಂಬ ಭಾಗವನ್ನು ಭಾನುಪ್ರಿಯಳೇ ಬರೆದಿದ್ದಳು. ಅದನ್ನು ಓಡಿಸಿದ ವಾರದಲ್ಲೇ ಎಚ್ಚರಿಕೆ ಕಾಣಿಸಿಕೊಂಡಿತು.

"ಏನಮ್ಮಾ ಅದು, ಕೆಂಪಗೆ?" ಎಂದು ದಸ್ತಗೀರ್ ಸಾಹೇಬರು ಕನ್ನಡಕ ಏರಿಸಿ ಕೇಳಿದರು.

"ಏನಿಲ್ಲ ಬುಡಿ ಸಾಬ್ರೆ. ಮೈಕಿನ ಚಿಪ್ ಮಾಡ್ದೋರು ಯಾರೋ ಸರಿಯಾಗಿ ಮಾಡಿಲ್ಲ."

"ಅವ್ರು ಮಾಡಿಲ್ಲ ಅಂತ ಅದು ನಿನ್ನ ಬೈತಾ ಐತಾ?"

"ಈ ಎಚ್ಚರಿಕೆ ಒಂದೊಂದ್ಸಲ ಸುಳ್ಳೂ ಹೇಳುತ್ತೆ ಕಣ್ರೀ. ಈ ಪತ್ತೆ ಮಾಡೋ ಪ್ರೋಗ್ರಾಮ್ ಬರೆದೋರೇ ಒಪ್ಕಂಡವ್ರೆ."

ಅದು ನಿಜವೇ ಆಗಿತ್ತು. ಆದರೆ ಮನುಷ್ಯನ ಮನಸ್ಸು ಎಂಥದೆಂದರೆ, ಗುರುವು ಒಮ್ಮೆ ತಪ್ಪಬಲ್ಲನೆಂದು ತಿಳಿದ ಕೂಡಲೇ ತನ್ನನ್ನು ಬೈದ ದಿನವೇ ಅವನು ತಪ್ಪಿದನೆಂದು ತೀರ್ಮಾನಿಸಿಬಿಡುತ್ತದೆ. ಎಚ್ಚರಿಕೆಯ ಕೆಳಗೆ ಇನ್ನೂ ಹಲವು ಸಾಲುಗಳಿದ್ದವು, ಅವಳು ಓದಲಿಲ್ಲ. ಆ ಪತ್ತೇದಾರಿಕೆಯನ್ನೇ ದೀಪದಂತೆ ಆರಿಸಿಬಿಡುವ ಒಂದು ಆಯ್ಕೆಯಿತ್ತು, ಆರಿಸಿದಳು. ಪರದೆ ಶುಭ್ರವಾಯಿತು. ಅಂತಸ್ಸಾಕ್ಷಿಗೆ ಇಂಥದೊಂದು ಗುಂಡಿಯನ್ನು ಪರಮಾತ್ಮನು ನಮ್ಮ ಮೈಮೇಲೆ ಇಡಲಿಲ್ಲವಲ್ಲ, ಅವನ ಕರುಣೆ ದೊಡ್ಡದು.

ಕಿಬ್ಬನಹಳ್ಳಿಯಲ್ಲಿ ಬೆಳೆಗಾರರ ಸಂಘವೊಂದಿತ್ತು. ಅದರ ಅಧ್ಯಕ್ಷ ಉಗ್ರಪ್ಪನವರು ಯಂತ್ರವನ್ನು ಪರೀಕ್ಷಿಸಿ ನೋಡಲು ಒಪ್ಪಿದರು. ಹೊರಡುವ ಬೆಳಿಗ್ಗೆ ಸಾಹೇಬರು ಮೆಲ್ಲಗೆ ಹೇಳಿದರು: "ಸಂಘದೋರು ಇಟ್ಕಂಡ್ರೆ ಒಳಕೋಣೆ ನಿಂದೇ ಕಣಮ್ಮ, ಇನ್ನೂ ಹತ್ತು ಕಟ್ಟು. ಇಲ್ದಿದ್ರೆ ನಂಗೆ ತಂತಿ ಇಡಾಕೆ ಜಾಗ ಇಲ್ಲ. ಯಂತ್ರ ಬಿಚ್ಚಬೇಕಾಗ್ತದೆ. ಬೇಜಾರು ಮಾಡ್ಕೋಬ್ಯಾಡ."

ಹೆದ್ದಾರಿ ಕೂಡುವಲ್ಲಿ, ಬಸ್ಸು ನಿಲ್ಲುವ ಹೋಟೆಲಿನ ಮುಂದೆ ಯಂತ್ರವನ್ನಿಟ್ಟರು. ಉಗ್ರಪ್ಪನವರು ಚೀಲಗಟ್ಟಲೆ ಕಾಯಿ ತರಿಸಿದ್ದರು. ಚಹಾದ ಲೋಟ ಹಿಡಿದು, ಕುರ್ಚಿ ಹಾಕಿಸಿಕೊಂಡು, ಯಂತ್ರಕ್ಕೆ ಎದುರಾಗಿ ಕುಳಿತರು. ಮೊದಲ ಕಾಯಿಗೆ ಕೆಂಪು ದೀಪ. ಎರಡನೆಯದಕ್ಕೂ ಕೆಂಪು. ಅಷ್ಟೂ ಹೊಸ ಕಾಯಿ. ಯಂತ್ರವು ಬಾಯಿಗೆ ಬಂದಂತೆ ಹಸಿರು ತೋರಿಸಿದರೆ ಹಿಡಿಯಬೇಕೆಂದು ಅವರು ಮಾಡಿದ್ದ ಉಪಾಯವದು. ಯಂತ್ರ ಮೋಸಹೋಗಲಿಲ್ಲ. ಚೀಲಗಳು ಬರಿದಾಗುತ್ತ ಬಂದವು, ಸೇರಿದ ಜನ ತಲೆದೂಗುತ್ತಿದ್ದರು. ಭಾನುಪ್ರಿಯಾ ಸೆರಗು ಸರಿಪಡಿಸಿಕೊಂಡು ನಗಲು ಆರಂಭಿಸಿದ ಸಮಯಕ್ಕೆ ಸರಿಯಾಗಿ ಮೆಮೊರಿ ಮುಗಿಯಿತು.

ಮೆಮೊರಿ ಬರಿದಾದಾಗ ಕರ್ನಲ್ ಒಂದು ಕಠೋರ ಕರ್ತವ್ಯವನ್ನು ಮಾಡುತ್ತದೆ: ಹೆಚ್ಚು ಜಾಗ ಹಿಡಿದ ಒಂದು ಪ್ರೋಗ್ರಾಮನ್ನು ಆರಿಸಿ ಕೊಂದುಬಿಡುತ್ತದೆ. ಅಂದು ಅದು ಕೊಂದದ್ದು ಆಲಿಸುವ ಪ್ರೋಗ್ರಾಮನ್ನು. ತೂಗುವ ಪ್ರೋಗ್ರಾಮು ಬದುಕಿತು. ಸಾಕೆಂದು ಹೇಳುವವರು ಸತ್ತುಹೋಗಿದ್ದರಿಂದ ತೊಟ್ಟಿಲು ತೂಗಿತು, ತೂಗಿತು, ಮತ್ತೂ ತೂಗಿತು. ಒಳಗಿದ್ದ ಕಾಯಿ ಕುಣಿಯಿತು. ಮೇಜು ಹೆಜ್ಜೆ ಹಾಕಿತು.

"ಲೇ, ಇದಕ್ಕೆ ಮೈಮೇಲೆ ಬಂತು ಕಣ್ಲಾ!" ಎಂದು ಯಾರೋ ಕೂಗಿದರು. "ಆರತಿ ಎತ್ರಲಾ!"

ಭಾನುಪ್ರಿಯಾ ತಂತಿ ಕೀಳುವಷ್ಟರಲ್ಲಿ ಕಾಯಿಯು ತೊಟ್ಟಿಲು ಬಿಟ್ಟು ಹಾರಿ, ಉಗ್ರಪ್ಪನವರ ಲೋಟವನ್ನು ಕೆಡವಿ, ಅವರ ಮಡಿಲಲ್ಲಿ ಪವಡಿಸಿತು. ಅವರು ಅದನ್ನು ಕೂಸಿನಂತೆ ಹಿಡಿದುಕೊಂಡೇ ಮಾತಾಡಿದರು.

"ಸೋಮವಾರ ನಮ್ಮನೆ ಅಟ್ಟದ ಕಾಯಿಗೆ ತಗಂಬಾ ತಾಯಿ. ಕೊನೇ ಕಾಯಿ ತನಕ ಓಡುದ್ರೆ ಸಂಘಕ್ಕೆ ಇಟ್ಕತೀವಿ. ಹಿಂಗೇ ಕುಣುದ್ರೆ ಗುಜರಿಗೆ ಹಾಕು."

ಹಿಂದಿರುಗುವಾಗ ಗೂಡ್ಸ್ ಆಟೋದಲ್ಲಿ ಸಾಹೇಬರು, ಒಳಕೋಣೆಯಲ್ಲಿ ತಂತಿಯ ಎಷ್ಟು ಸುರುಳಿ ಹಿಡಿದೀತೆಂದು ಬೆರಳು ಮಡಿಚಿ ಎಣಿಸುತ್ತಿದ್ದರು. ಅವರ ಆ ಲೆಕ್ಕವನ್ನು ಆರಿಸಲು ಗುಂಡಿಯಿರಲಿಲ್ಲ.

ವರ್ಕ್‌ಶಾಪಿನಲ್ಲಿ ಅವಳು ಎಚ್ಚರಿಕೆಯನ್ನು ಮತ್ತೆ ಹಚ್ಚಿದಳು. ಅಲ್ಲಿದ್ದ ಕಾಯಿಗಳನ್ನೆಲ್ಲ ತೂಗಿಸಿದಳು. ಎಚ್ಚರಿಕೆ ಸುಳಿಯಲಿಲ್ಲ. ಮತ್ತೆ ತೂಗಿಸಿದಳು. ಇಲ್ಲ. ರೋಗಿಯು ವೈದ್ಯನ ಮುಂದೆ ಮಾತ್ರ ಆರೋಗ್ಯವಂತನಾಗಿ ಕುಳಿತಂತಾಯಿತು. ತಲೆ ಹಿಡಿದುಕೊಂಡು ಕುಳಿತಾಗ ಹೊಳೆಯಿತು: ವರ್ಕ್‌ಶಾಪಿನದೆಲ್ಲ ಒಣಗಿದ ಕಾಯಿ. ಕಿಬ್ಬನಹಳ್ಳಿಯದೆಲ್ಲ ಹಸಿ. ಮೊದಲ ವಾರದ ಆ ಎಚ್ಚರಿಕೆಯೂ, ತಪ್ಪಿ ಸೇರಿದ್ದ ಒಂದೆರಡು ಹಸಿ ಕಾಯಿಯದೇ ಇರಬೇಕು. ತಪ್ಪು ಕಾಣಬೇಕಾದರೆ ಒಣಗದ ಕಾಯಿ ಬೇಕು, ಅದೂ ರಾಶಿಯಾಗಿ.

ಅಂಥ ರಾಶಿಯಿದ್ದದ್ದು ಮನೆಯ ಅಟ್ಟದ ಮೇಲೆ. ಅದರ ಕೆಳಗೆ ಅತ್ತೆ ಲಕ್ಷ್ಮೀದೇವಮ್ಮನವರಿದ್ದರು.

"ಅಟ್ಟದ ಕಾಯಿ ಇಳುಸ್ತೀಯಾ? ಇನ್ನೂ ಅರ್ಧ ವರ್ಷನೂ ಆಗಿಲ್ಲ ಕಣೇ! ನಿಮ್ಮ ಹಂದನಕೆರೇಲಿ ಹಿಂಗೇನೇ ಕಲ್ಸಿರೋದು?"

"ಅಲ್ಲಾಡ್ಸಿ ವಾಪಸ್ ಇಡ್ತೀನಿ ಅತ್ತೆ."

"ಒಣಗಾ ಕಾಯಿ ಅಲ್ಲಾಡುಸ್ತಾರೇನೆ? ಬಸುರಿ ಹೊಟ್ಟೆ ಅಲ್ಲಾಡ್ಸಿ ಮಗ ಗಂಡೋ ಹೆಣ್ಣೋ ಅಂತ ನೋಡ್ದಂಗಾಯ್ತು! ಕೆಳಗಿಳೀಬಾರ್ದು ಅಂದ್ರೆ ಇಳೀಬಾರ್ದು."

"ಹಂಗಾದ್ರೆ ಯಂತ್ರಾನೇ ಮ್ಯಾಲೆ ಹತ್ತುಸ್ಲಾ?"

ಲಕ್ಷ್ಮೀದೇವಮ್ಮನವರು ಶಾಸ್ತ್ರವನ್ನು ಮನಸ್ಸಿನಲ್ಲೇ ತಿರುವಿಹಾಕಿದರು. ಯಂತ್ರವು ಅಟ್ಟ ಹತ್ತಬಾರದೆಂಬ ನಿಯಮವನ್ನು ಅವರ ಮಾವನ ಕಾಲದಿಂದಲೂ ಯಾರೂ ಮಾಡಿರಲಿಲ್ಲ. "ಹತ್ತುಸ್ಕೋ. ಆದ್ರೆ ಯಾವ್ ಕಾಯಿ ಎಲ್ಲಿತ್ತೋ ಅಲ್ಲೇ ಇರ್ಬೇಕು," ಎಂದರು.

ದಸ್ತಗೀರ್ ಸಾಹೇಬರು ಹಗ್ಗ ತಂದರು. ಯಂತ್ರ ಮೇಲೇರಿತು, ಅದನ್ನು ಕೆಳಗಿನಿಂದ ತಳ್ಳುತ್ತಿದ್ದ ಸಾಹೇಬರು ಏಣಿಗೂ ಅಟ್ಟದ ಬಾಗಿಲಿಗೂ ನಡುವೆ ಸಿಕ್ಕಿಕೊಂಡರು. ಹೊಟ್ಟೆ ಒಳಕ್ಕೂ ಬಾರದು, ಹೊರಕ್ಕೂ ಹೋಗದು.

"ಉಸಿರು ಬುಡಿ ಸಾಬ್ರೆ!"

"ಬಿಟ್ಟಿದ್ದೀನಮ್ಮಾ, ಇನ್ನೆಷ್ಟು ಬಿಡ್ಲಿ? ಪೂರ್ತಿ ಬಿಟ್ರೆ ಜನಾಜಾನೇ ಹೊರಬೇಕು ನೀವು!"

ಲಕ್ಷ್ಮೀದೇವಮ್ಮನವರು ಕೆಳಗಿನಿಂದ ಅವರ ಪಾದಗಳನ್ನು ಹಿಡಿದು, ದೇವರ ಹೆಸರು ಹೇಳಿ ಎಳೆದರು. ಸಾಹೇಬರೂ ತಮ್ಮ ದೇವರ ಹೆಸರು ಹೇಳಿದರು. ಇಬ್ಬರ ಕರೆಯೂ ಒಂದೇ ಬಾಗಿಲಿಗೆ ತಲುಪಿತೆಂದು ಕಾಣುತ್ತದೆ. ಸಾಹೇಬರು ಬಿಡುಗಡೆಯಾಗಿ ನೆಲ ಸೇರಿದರು.

ಅಟ್ಟದ ಮೇಲೆ, ಸಂದುಗಳಿಂದ ಬೀಳುತ್ತಿದ್ದ ಮಧ್ಯಾಹ್ನದ ಬಿಸಿಲಿನಲ್ಲಿ, ಧೂಳಿಗೆ ಸೀನುತ್ತ ಭಾನುಪ್ರಿಯಾ ಕಾಯಿಯ ಮೇಲೆ ಕಾಯಿ ತೂಗಿಸಿದಳು. ಕೆಂಪು, ಕೆಂಪು, ಕೆಂಪು. ಸ್ವಲ್ಪ ಹೊತ್ತಿಗೆಲ್ಲ ಎಚ್ಚರಿಕೆಗಳು ಗೊದ್ದದ ಇರುವೆಗಳಂತೆ ಸಾಲುಗಟ್ಟಿ ಬಂದವು. ಈ ಸಲ ಅವಳು ಮೊದಲ ಸಾಲಿಗೇ ನಿಲ್ಲಲಿಲ್ಲ. ಕೈಮುಗಿದು ಪುರಾಣ ಕೇಳುವವಳಂತೆ ಕೊನೆಯವರೆಗೂ ಓದಿದಳು. ಈ ಮೆಮೊರಿಯನ್ನು ಕೇಳಿ ಪಡೆದವರು ಯಾರು ಎಂಬುದನ್ನು ಉಗ್ರಾಣಿಯು ಸ್ಪಷ್ಟವಾಗಿ ಬರೆದಿದ್ದನು. ಅಲ್ಲಿದ್ದದ್ದು ಚಿಪ್ ಮಾಡಿದವರ ಹೆಸರಲ್ಲ. ಅವಳೇ ಬರೆದು, ಅವಳೇ 'ಅಟ್ಟ' ಎಂದು ನಾಮಕರಣ ಮಾಡಿದ್ದ ಪುಟ್ಟ ಭಾಗದ ಹೆಸರು.

ಎಲ್ಲವೂ ಬೆಳಕಾಯಿತು. ಒಣಗಿದ ಕಾಯಿಯ ಸದ್ದನ್ನು ಆಲಿಸಿ ಮುಗಿದೊಡನೆ ಅದರ ಮೆಮೊರಿಯನ್ನು ಅವಳು ಹಿಂದಿರುಗಿಸಿದ್ದಳು. ಒಣಗದ ಕಾಯಿಯ ಸದ್ದನ್ನು ಮಾತ್ರ, ಮುಂದೆ ಮತ್ತೆ ತೂಗಿದಾಗ ಹೋಲಿಸಲು ಬೇಕಾದೀತೆಂದು, ಎಸೆಯಲು ಮನಸ್ಸು ಬಾರದೆ ಎತ್ತಿಟ್ಟಿದ್ದಳು. ಕಾಯಿಯನ್ನು ಮರಳಿ ಅಟ್ಟಕ್ಕೆ ಹಾಕುವ ಮನೆಯಲ್ಲಿ ಬೆಳೆದವಳು ಸದ್ದನ್ನೂ ಅಟ್ಟಕ್ಕೆ ಹಾಕಿದ್ದಳು. ಆದರೆ ಎಲ್ಲಿಟ್ಟೆನೆಂಬ ಗುರುತನ್ನು ಒಂದೇ ಜಾಗದಲ್ಲಿ ಬರೆಯುತ್ತಿದ್ದಳು. ಮುಂದಿನ ಕಾಯಿ ಬಂದಾಗ ಹಿಂದಿನದರ ಗುರುತು ಅಳಿಯುತ್ತಿತ್ತು. ಯಾರಿಗೂ ದಕ್ಕದ ಸದ್ದುಗಳು ಒಳಗೆ ತುಂಬಿ ತುಂಬಿ ಉಗ್ರಾಣವೇ ಉಸಿರುಕಟ್ಟಿತ್ತು.

"ಸಿಕ್ತಾ?" ಎಂದು ಕೆಳಗಿನಿಂದ ಸಾಹೇಬರು ಕೂಗಿದರು.

"ಸಿಕ್ತು! ನಾನೇ!"

"ಚಿಪ್ಪಿನೋರಲ್ವಾ?"

"ಅಲ್ಲ ಸಾಬ್ರೆ, ಅವ್ರನ್ನ ಸುಮ್ಮನೆ ಬೈಕಂಡೆ."

ತಿದ್ದುವುದಕ್ಕೆ ಬೇಕಾದದ್ದು ಒಂದೇ ಸಾಲು: ಒಣಗದಿದ್ದರೂ ಸರಿಯೆ, ಆಲಿಸಿ ಮುಗಿದ ಮೇಲೆ ಜಾಗವನ್ನು ಹಿಂದಿರುಗಿಸು. ಆ ಸಾಲನ್ನು ಬರೆಯಲು ಅವಳ ಬೆರಳು ತಡೆದದ್ದು ಮಾತ್ರ ಸುಳ್ಳಲ್ಲ. ಎಂದಾದರೂ ಬೇಕಾದರೆ? ಕೊನೆಗೆ ಕಣ್ಣು ಮುಚ್ಚಿ ಬರೆದಳು. ಬಿಟ್ಟುಕೊಡುವುದೂ ಒಂದು ಪೂಜೆಯೇ. ಆಮೇಲೆ ಅಟ್ಟದ ಅಷ್ಟೂ ಕಾಯಿಯನ್ನು ಮತ್ತೆ ತೂಗಿಸಿದಳು. ಪರದೆಯ ಮೇಲೆ ಒಂದೂ ಎಚ್ಚರಿಕೆ ಬರಲಿಲ್ಲ.

ಸೋಮವಾರ ತಮ್ಮ ಮನೆಯ ಅಂಗಳದಲ್ಲಿ ಉಗ್ರಪ್ಪನವರು ಕುರ್ಚಿಯನ್ನು ಯಂತ್ರದಿಂದ ದೂರ ಹಾಕಿಸಿಕೊಂಡು, ಚಹಾವನ್ನು ಮೊದಲೇ ಕುಡಿದು ಮುಗಿಸಿ ಕುಳಿತರು. ಕಾಯಿಗಳು ಒಂದರ ಹಿಂದೊಂದು ತೊಟ್ಟಿಲೇರಿದವು. ಹಸಿರು, ಕೆಂಪು, ಕೆಂಪು, ಹಸಿರು. ತೊಟ್ಟಿಲು ಕುಣಿಯಲಿಲ್ಲ. ಬಿಸಿಲು ಅಂಗಳ ದಾಟುವಷ್ಟು ಹೊತ್ತಿಗೆ ರಾಶಿಯಲ್ಲಿ ಒಂದೇ ಒಂದು ಕಾಯಿ ಉಳಿಯಿತು. ಯಂತ್ರ ಅದಕ್ಕೆ ಕೆಂಪು ದೀಪ ಹಚ್ಚಿತು.

"ಹೆಹ್ಹೆ! ಸಿಕ್ಕಂಡ್ತು!" ಎಂದು ಉಗ್ರಪ್ಪನವರು ಎದ್ದು ಬಂದರು. "ಇದು ನಾನೇ ಕೈಯಾರೆ ಆರ್ಸಿಟ್ಟಿದ್ದು ಕಣಮ್ಮ. ಅಪ್ಪಟ ಕೊಬ್ಬರಿ. ನಿನ್ ಯಂತ್ರ ಸುಳ್ಳು ಹೇಳ್ತೈತೆ."

ಭಾನುಪ್ರಿಯಾ ಪರದೆಯತ್ತ ನೋಡಿದಳು, ಅಲ್ಲಿ ಎಚ್ಚರಿಕೆಯೇನೂ ಇರಲಿಲ್ಲ. "ಒಡುದ್ ನೋಡಿ ಸ್ವಾಮಿ," ಎಂದಳು.

ಉಗ್ರಪ್ಪನವರು ಸಿಪ್ಪೆ ಸುಲಿಸಿ, ಎಲ್ಲರಿಗೂ ಕಾಣುವಂತೆ ಎದೆಯ ಮಟ್ಟಕ್ಕೆ ಹಿಡಿದು, ಮಚ್ಚಿನ ಬೆನ್ನಿನಿಂದ ಗಟ್ಟಿಯಾಗಿ ಬಡಿದರು. ಕಾಯಿ ಎರಡಾಯಿತು. ಒಳಗಿದ್ದ ನೀರಷ್ಟೂ ಅವರ ಗರಿಗರಿ ಅಂಗಿಯ ಮೇಲೆ, ಅಭಿಷೇಕದಂತೆ, ಹೊಕ್ಕಳಿನವರೆಗೆ ಇಳಿಯಿತು.

ಅಂಗಳವೆಲ್ಲ ನಗು. ದಸ್ತಗೀರ್ ಸಾಹೇಬರು ಹೆಗಲ ಟವೆಲನ್ನು ಮುಂದೆ ಚಾಚಿದರು. ಉಗ್ರಪ್ಪನವರು ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, ಯಂತ್ರದ ಕಡೆಗೆ ಕೈ ತೋರಿಸಿದರು.

"ಒಳಗೆ ಹಜಾರದಾಗೆ ಇಡ್ರಲಾ ಅದ್ನ. ಬಾಗ್ಲತ್ರ ಬ್ಯಾಡ, ಮಳೆ ಇರಚಲು ಹೊಡೀತದೆ."

ನಾಲ್ವರು ಮೇಜಿನ ನಾಲ್ಕು ಕಾಲು ಹಿಡಿದು ಎತ್ತಿದರು. ಭಾನುಪ್ರಿಯಾ ತಂತಿಯನ್ನು ಸುರುಳಿ ಸುತ್ತುತ್ತ ಅವರ ಹಿಂದೆಯೇ ಒಳಗೆ ನಡೆದಳು.