ನಾಲ್ಕನೇ ಮಹಡಿಯ ಕೀಲಿಯಮ್ಮ

ಅನುಮಾನ ನಮ್ಮ ಮನೆತನದ ಆಸ್ತಿ. ಅಮ್ಮ ಗ್ಯಾಸ್ ಆರಿಸುತ್ತಾಳೆ, ಆರಿಸಿದ್ದನ್ನು ನೋಡುತ್ತಾಳೆ, ನೋಡಿದೆನೋ ಇಲ್ಲವೋ ಎಂದು ಬಾಗಿಲ ತನಕ ಬಂದವಳು ಮತ್ತೆ ಒಳಗೆ ಹೋಗುತ್ತಾಳೆ. ಚೀನೀ ಭಾಷೆ ಕಲಿಯಲು ನಾನು ಎರಡು ವರ್ಷಕ್ಕೆಂದು ಪರದೇಶಕ್ಕೆ ಹೊರಟಾಗ ಅವಳು ಹೇಳಿದ ಬುದ್ಧಿಮಾತು ಒಂದೇ: "ಪಾಸ್‌ಪೋರ್ಟ್ ಜೋಪಾನ. ಯಾರನ್ನೂ ನಂಬಬೇಡ. ನಗ್‌ನಗ್ತಾ ಮಾತಾಡಿಸೋರನ್ನಂತೂ ನಂಬಲೇಬೇಡ."

ಕೀಲಿಯಮ್ಮ ನಗುನಗುತ್ತಾ ಮಾತಾಡಿಸುವವಳು.

ಹಾಸ್ಟೆಲಿನ ನಾಲ್ಕನೇ ಮಹಡಿ ಆಕೆಯ ಸುಪರ್ದಿಯಲ್ಲಿತ್ತು. ಗುಡಿಸುವುದು, ಒರೆಸುವುದು, ಹಾಸಿಗೆ ಬಟ್ಟೆ ಬದಲಿಸುವುದು, ರೂಮಿನಲ್ಲಿ ಕದ್ದು ಒಲೆ ಹಚ್ಚಿದವರನ್ನು ಹಿಡಿಯುವುದು, ಎಲ್ಲಕ್ಕೂ ಆಕೆಯೇ. ಐವತ್ತೈದರ ಆಸುಪಾಸು, ಗಿಡ್ಡ ಮೈ, ಸೊಂಟದಲ್ಲಿ ಇಪ್ಪತ್ತಾರು ರೂಮುಗಳ ಕೀಲಿ. ಹೆಸರಿಟ್ಟವಳು ನಾನೇ. ನಿಜವಾದ ಹೆಸರು ಕೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಆಕೆಯೂ ನಮ್ಮನ್ನು ರೂಮಿನ ನಂಬರಿನಿಂದಲೇ ಕರೆಯುತ್ತಿದ್ದಳು. ನಾನು ಹನ್ನೆರಡು.

"ಹನ್ನೆರಡು, ಇವತ್ತು ಕ್ಲಾಸು ಎಷ್ಟಕ್ಕೆ ಬಿಡುತ್ತೆ?" ಎಂದು ಮೆಟ್ಟಿಲ ಬಳಿ ನಿಂತು ಕೇಳುವಳು. ಮಾತು ಒಂದೊಂದೇ, ನಿಧಾನ, ಮಗುವಿಗೆ ತುತ್ತು ಕೊಟ್ಟ ಹಾಗೆ. "ಅಮ್ಮ ಫೋನ್ ಮಾಡಿದ್ರಾ? ಭಾನುವಾರ ಎಲ್ಲಿಗೆ ಹೋಗ್ತೀಯಾ?"

ಇವಳಿಗ್ಯಾಕೆ ನನ್ನ ಕ್ಲಾಸಿನ ಉಸಾಬರಿ? ನಾನು ಯಾವಾಗ ಇರುವುದಿಲ್ಲ ಎಂದು ತಿಳಿದುಕೊಂಡು ಏನು ಮಾಡಬೇಕಾಗಿದೆ? ಹೀಗೆ ತಲೆಯೊಳಗೆ ಹುಳ ಬಿಟ್ಟುಕೊಂಡೇ ಉತ್ತರ ಕೊಡುತ್ತಿದ್ದೆ. ಆ ಊರಿನಲ್ಲಿ ನನ್ನ ಅರೆಬರೆ ಚೀನಿಯನ್ನು ಕೊನೆಯ ತನಕ ಕೇಳಿಸಿಕೊಳ್ಳುತ್ತಿದ್ದವಳು ಆಕೆ ಒಬ್ಬಳೇ ಎಂಬುದು ಆಗ ಹೊಳೆಯಲಿಲ್ಲ. ಅಂಗಡಿಯವರು ಎರಡನೇ ಪದಕ್ಕೇ ಕೈಸನ್ನೆಗೆ ಇಳಿಯುತ್ತಿದ್ದರು.

ಕಾಮಾಲೆ ಕಣ್ಣಿಗೆ ಎಲ್ಲವೂ ಹಳದಿ. ಸಾಯಂಕಾಲ ಬಂದರೆ ಕುರ್ಚಿ ಜರುಗಿರುತ್ತಿತ್ತು, ಕಿಟಕಿ ಮುಚ್ಚಿರುತ್ತಿತ್ತು, ಮೇಜಿನ ಹಾಳೆಗಳ ಮೇಲೆ ನನ್ನ ನೀರಿನ ಬಾಟಲಿ ಕೂತಿರುತ್ತಿತ್ತು. ನಾನು ಡ್ರಾಯರಿನ ಸಂದಿಗೆ ತಲೆಗೂದಲು ಅಂಟಿಸಿದೆ. ಹೊಸ್ತಿಲಿಗೆ ಪೌಡರ್ ಉದುರಿಸಿದೆ. ಕೂದಲು ಹಾಗೇ ಇತ್ತು. ಪೌಡರನ್ನು ಆಕೆ ಒರೆಸಿಬಿಟ್ಟಿದ್ದಳು, ಅದು ಆಕೆಯ ಕೆಲಸ. ನನಗೋ ಅದೂ ಸಾಕ್ಷಿ ಅಳಿಸಿದ ಹಾಗೆಯೇ ಕಂಡಿತು. ಇನ್ನು ಪಾಸ್‌ಪೋರ್ಟ್ ಒಂದೇ ಕಡೆ ಇದ್ದರೆ ಕ್ಷೇಮವಲ್ಲವೆಂದು ವಾರಕ್ಕೊಮ್ಮೆ ಜಾಗ ಬದಲಿಸತೊಡಗಿದೆ. ಹಾಸಿಗೆಯ ಅಡಿ, ಬೂಟಿನ ಒಳಗೆ, ಕಪಾಟಿನ ಹಿಂದೆ.

ಮಾರ್ಚಿನ ಮೊದಲ ಮಂಗಳವಾರ ನೋಡಿದರೆ ಎಲ್ಲೂ ಇಲ್ಲ.

ಮುಂದಿನ ಸೋಮವಾರದೊಳಗೆ ವೀಸಾ ಮುಂದುವರಿಸಬೇಕು. ಪಾಸ್‌ಪೋರ್ಟ್ ಇಲ್ಲದೆ ಅದಾಗದು. ಆಗದಿದ್ದರೆ ಎರಡು ವರ್ಷದ ಓದು ಏಳು ತಿಂಗಳಿಗೆ ಮುಗಿದು ಗಂಟುಮೂಟೆ ಕಟ್ಟಬೇಕು. ರೂಮನ್ನು ತಲೆಕೆಳಗು ಮಾಡಿದೆ. ಕೀಲಿಯಮ್ಮ ಬಾಗಿಲಲ್ಲಿ ಬಂದು ನಿಂತು, "ಏನು ಹುಡುಕ್ತಿದ್ದೀಯ, ಹನ್ನೆರಡು? ನಾನೂ ಹುಡುಕಲಾ?" ಎಂದಳು.

"ಏನೂ ಇಲ್ಲ" ಎಂದು ಬಾಗಿಲು ಹಾಕಿಕೊಂಡೆ. ಎಷ್ಟು ಧೈರ್ಯ ನೋಡು ಇವಳಿಗೆ ಎಂದು ಕುದಿದೆ.

ನಮ್ಮ ಟೀಚರದು ಒಂದು ಪದ್ಧತಿ. ಗುರುವಾರ ಗುರುವಾರ ಪಠ್ಯದ ಮಾದರಿ ನೋಡಿ ಒಂದು ಪತ್ರ ಬರೆಯಬೇಕು, ಆಮೇಲೆ ಅದನ್ನು ಸಂಬಂಧಪಟ್ಟವರಿಗೆ ನಿಜವಾಗಿಯೂ ಕೊಡಬೇಕು. "ಸುಳ್ಳು ಕಾಗದ ಬರೆದು ಭಾಷೆ ಬರಲ್ಲ" ಎನ್ನುತ್ತಿದ್ದರು. ಆ ವಾರದ ಪಾಠ ದೂರು ಪತ್ರ. ಒಬ್ಬ ಸೋರುವ ನಲ್ಲಿಯ ಮೇಲೆ ಬರೆದ, ಇನ್ನೊಬ್ಬಳು ಪಕ್ಕದ ರೂಮಿನ ಗಿಟಾರಿನ ಮೇಲೆ. ನಾನು ಕೀಲಿಯಮ್ಮನ ಮೇಲೆ ಬರೆದೆ. ಮಾದರಿಯಲ್ಲಿದ್ದುದು ಗಿರಾಕಿಯ ಕೊಡೆ ಕದ್ದ ಒಬ್ಬ ಅಂಗಡಿ ನೌಕರನ ಮೇಲಿನ ದೂರು. ಅವನಿದ್ದ ಜಾಗದಲ್ಲಿ ಆಕೆಯನ್ನು ಕೂರಿಸಿದೆ, ಕೊಡೆ ಇದ್ದ ಜಾಗದಲ್ಲಿ ಪಾಸ್‌ಪೋರ್ಟ್ ಇಟ್ಟೆ. ಉಳಿದದ್ದನ್ನು ಅಚ್ಚಿನಂತೆ ಇಳಿಸಿದೆ, ಕೊನೆಯ ಸಾಲನ್ನೂ: "ಈ ವ್ಯಕ್ತಿಯನ್ನು ಕೂಡಲೇ ಕೆಲಸದಿಂದ ತೆಗೆಯಬೇಕೆಂದು ಕೋರುತ್ತೇನೆ." ನಲ್ಲಿಯವನು ಆ ಸಾಲು ಬಿಟ್ಟಿದ್ದ. ನಲ್ಲಿಯನ್ನು ಯಾರು ಕೆಲಸದಿಂದ ತೆಗೆಯುತ್ತಾರೆ?

ಟೀಚರ್ ಅಕ್ಷರ ನೋಡಿದರು, ವಿಷಯ ನೋಡಲಿಲ್ಲ. ನೂರಕ್ಕೆ ತೊಂಬತ್ತೆಂಟು. ಅಷ್ಟು ಅಂಕ ನನಗೆ ಹಿಂದೆಂದೂ ಬಂದಿರಲಿಲ್ಲ. ಸಂಜೆಯೇ ಹಾಸ್ಟೆಲ್ ಆಫೀಸಿಗೆ ಕೊಟ್ಟುಬಂದೆ.

ಶುಕ್ರವಾರ ಮಹಡಿಯಲ್ಲಿ ಕೀಲಿಯ ಸದ್ದಿಲ್ಲ. ಬೇರೊಬ್ಬಳು ಮುಖ ಗಂಟಿಕ್ಕಿಕೊಂಡು ನೆಲ ಒರೆಸುತ್ತಿದ್ದಳು. ಕುಂಬಳಕಾಯಿ ಕಳ್ಳಿ ಸಿಕ್ಕಿಬಿದ್ದಳು ಎಂದು ಅಮ್ಮನಿಗೆ ಫೋನ್ ಮಾಡಿದೆ. "ನಾನು ಹೇಳ್ಲಿಲ್ವಾ!" ಎಂದಳು ಅಮ್ಮ. ಅವಳ ದನಿಯಲ್ಲಿ ಹೆದರಿಕೆಗಿಂತ ಗೆಲುವೇ ಹೆಚ್ಚಿತ್ತು.

ಶನಿವಾರ ಬೆಳಗ್ಗೆ ಪೊಲೀಸರಿಗೆ ಬರೆಯಲು ಕೂತೆ. 'ವಶಪಡಿಸಿಕೊಳ್ಳುವುದು' ಎಂಬುದಕ್ಕೆ ಪದ ಬೇಕಿತ್ತು. ಫೋನ್ ಚಾರ್ಜ್ ಆಗುತ್ತಿತ್ತು. ತಿಂಗಳಿಂದ ಪುಟ ತೆರೆಯದ ದಪ್ಪ ನಿಘಂಟನ್ನು ಕಪಾಟಿನಿಂದ ಎಳೆದೆ. ಅದರ ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಪಾಸ್‌ಪೋರ್ಟ್ ಜಾರಿ ಕಾಲಮೇಲೆ ಬಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಹುಡುಕಿದ್ದಷ್ಟೇ ಅಲ್ಲ, ಊರಿನವಳೊಬ್ಬಳ ಅನ್ನವನ್ನೂ ಕಿತ್ತುಕೊಂಡಿದ್ದೆ. ವೀಸಾ ಉಳಿಯಿತೆಂದು ಒಂದು ಕ್ಷಣವಾದರೂ ಖುಷಿಯಾಗಬೇಕಿತ್ತು, ಆಗಲಿಲ್ಲ. ನಾಚಿಕೆಯಿಂದ ಕಿವಿಯ ತನಕ ಬಿಸಿಯಾಯಿತು.

ದೂರು ಹಿಂತೆಗೆಯುವುದಕ್ಕೆ ಪಠ್ಯದಲ್ಲಿ ಮಾದರಿ ಇರಲಿಲ್ಲ. ನಾನೇ ಆರು ಸಾಲು ಗೀಚಿದೆ, ಟೀಚರಿಗೂ ತೋರಿಸದೆ ಓಡಿದೆ. ಆಫೀಸಿನವನು ಎರಡು ಸಲ ಓದಿ, "ನೆಲಮಹಡಿ ಲಾಂಡ್ರಿಯಲ್ಲಿದ್ದಾಳೆ. ತಿಂಗಳ ಕೊನೆಯ ತನಕ ಅಷ್ಟೇ. ಇದನ್ನ ಮೇಲಿನವರಿಗೆ ಕಳಿಸ್ತೀನಿ, ಏನಾಗುತ್ತೋ ಗೊತ್ತಿಲ್ಲ" ಎಂದ.

ಲಾಂಡ್ರಿಯಲ್ಲಿ ಕೀಲಿಯಮ್ಮ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಸೊಂಟ ಖಾಲಿ. ನಾನು ಪಾಸ್‌ಪೋರ್ಟ್ ಎತ್ತಿ ತೋರಿಸಿದೆ.

"ಸಿಕ್ತಾ? ಎಲ್ಲಿತ್ತು?"

"ನಿಘಂಟಿನಲ್ಲಿ. ನಾನೇ ಇಟ್ಟಿದ್ದೆ, ಅಮ್ಮಾ. ತಪ್ಪಾಯ್ತು."

"ಸದ್ಯ, ಊರಿಗೆ ಹೋಗೋದು ತಪ್ತಲ್ಲ" ಎಂದು ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು. "ದಿನಾ ಕಿಟಕಿ ತೆರೆದಿಟ್ಟು ಹೋಗ್ತಿದ್ದೆ. ಬರೆದ ಹಾಳೆಗಳೆಲ್ಲ ಹಾರಿ ಬೀದಿಗೆ ಬೀಳ್ತಿದ್ವು. ಹೊಸಬಳಿಗೆ ಹೇಳಿಲ್ಲ, ನೀನೇ ಮುಚ್ಕೊ."

"ಆ ಕೊನೆಯ ಸಾಲು ನಂದಲ್ಲ, ಅಮ್ಮಾ. ಪುಸ್ತಕದಲ್ಲಿ ಇದ್ದಿದ್ದು. ನೋಡ್ಕೊಂಡು ಬರೆದೆ ಅಷ್ಟೇ."

ಆಕೆ ಮಡಿಸುವುದನ್ನು ನಿಲ್ಲಿಸಿದಳು. ಎಂದಿನಂತೆ ನಿಧಾನವಾಗಿ, ನನಗೆ ಅರ್ಥವಾಗಲೆಂದು, ಒಂದೊಂದೇ ಪದ ಹೇಳಿದಳು: "ಆಫೀಸಿನಲ್ಲಿ ನಂಗೆ ಪೂರ್ತಿ ಓದಿ ಹೇಳಿದ್ರು. ಒಂದು ತಪ್ಪೂ ಇರಲಿಲ್ಲ. ಇಷ್ಟು ಚೆನ್ನಾಗಿ ಬರೆಯೋಕೆ ಬಂದೋಳಿಗೆ ಅದರ ಅರ್ಥ ಗೊತ್ತಿರುತ್ತೆ ಅಂದ್ಕೊಂಡೆ."

ಗೊತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. 'ಕೆಲಸದಿಂದ ತೆಗೆ' ಎಂಬುದು ಆ ವಾರದ ಹೊಸ ಪದಗಳಲ್ಲಿ ಒಂದು. ಬುಧವಾರ ಅದನ್ನು ಇಪ್ಪತ್ತು ಸಲ ಬರೆದಿದ್ದೆ.

"ಗೊತ್ತಿತ್ತು" ಎಂದೆ.