ಬೇರಿಂಗಿನ ಹಿಂದಿನ ತಗಡು

ಆ ತಗಡಿನ ಚೂರು ಸಿಕ್ಕ ದಿನ ನಾನು ಬೋಲ್ಟು ಬಿಚ್ಚುತ್ತಿದ್ದ ಪಾನಾ ಎಸೆದೆ. ಅದು ಗ್ಯಾರೇಜಿನ ಕಬ್ಬಿಣದ ಶೀಟಿನ ಗೋಡೆಗೆ ಬಡಿದ ಸದ್ದಿಗೆ ಪಕ್ಕದ ಅಂಗಡಿಯ ಟೈಲರ್ ಹೊರಗೆ ಓಡಿಬಂದು, "ಕ್ಯಾ ಹುವಾ ಭಾಯ್?" ಎಂದ. ನಾನು ಕೈ ಬೀಸಿ ಅವನನ್ನು ವಾಪಸ್ಸು ಕಳಿಸಿದೆ. ಬಾಯಿ ತೆರೆದಿದ್ದರೆ ಬೈಗುಳವೇ ಬರುತ್ತಿತ್ತು.

ದಹಿಸರಿನಲ್ಲಿ ನನ್ನದು ಡೀಸೆಲ್ ಎಂಜಿನ್ ರಿಪೇರಿಯ ಗ್ಯಾರೇಜು. ಟೆಂಪೋ, ಟ್ಯಾಂಕರ್, ಜನರೇಟರ್ ಬರುತ್ತವೆ. ಟ್ರ್ಯಾಕ್ಟರ್ ಅಪರೂಪ. ಆ ತಗಡು ಸಿಕ್ಕ ಟ್ರ್ಯಾಕ್ಟರನ್ನು ತಂದವರು ಮುಲುಂಡಿನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಹಿರಿಯರು. ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ವಸಾಯಿ ಆಚೆ ಅವರಿಗೆ ಒಂದಿಷ್ಟು ಜಮೀನಿದೆ. ಹೋಟೆಲಿಗೆ ಬೇಕಾದ ಬಾಳೆಲೆ, ಬೆಂಡೆ, ಬಸಳೆ ಅಲ್ಲೇ ಬೆಳೆಸುತ್ತಾರೆ. ಉಳುಮೆಗೆಂದು ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡಿದ್ದರು. ಅದು ಮೊದಲು ಯಾರದೋ ಕೈಯಲ್ಲಿ ನೀರಿನ ಟ್ಯಾಂಕರ್ ಎಳೆಯುತ್ತಿತ್ತು.

"ಸ್ವಲ್ಪ ಹೊಗೆ ಉಂಟು, ಅಷ್ಟೇ ಮಾರಾಯ್ರೆ. ರಿಂಗ್ ಹಾಕಿ ಕೊಡಿ, ಸಾಕು," ಎಂದರು.

"ಒಂದ್ ವಾರದಾಗ ಕೊಡ್ತೀನ್ರಿ ಅಣ್ಣಾ," ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮೇಲಿನ ಭಾಗ ಬಿಚ್ಚಿದಾಗ ಎಲ್ಲ ಎಣಿಸಿದಂತೆಯೇ ಇತ್ತು. ಪಿಸ್ಟನ್ ರಿಂಗ್ ಸವೆದಿದ್ದವು, ವಾಲ್ವ್ ಸುಟ್ಟಿದ್ದವು. ಕೆಳಗಿನ ಆಯಿಲ್ ಚೇಂಬರ್ ಇಳಿಸಿ, ಎರಡನೇ ಪಿಸ್ಟನ್ನಿನ ರಾಡಿನ ಬೇರಿಂಗ್ ತೆಗೆದಾಗ ಅದರ ಬೆನ್ನಿಗೆ ಅಂಟಿಕೊಂಡು ಒಂದು ಪಟ್ಟಿ ಬಂತು. ಆಯಿಲ್ ಡಬ್ಬಿಯಿಂದ ಕತ್ತರಿಸಿದ ತಗಡು! ಡಬ್ಬಿಯ ಹಳದಿ ಬಣ್ಣ ಇನ್ನೂ ಹೋಗಿರಲಿಲ್ಲ.

ರಾಡುಗಳು ತಿರುಗಿಸುವ ಕ್ರ್ಯಾಂಕ್ ದಂಡ ಸವೆದರೆ ಅದನ್ನು ಗ್ರೈಂಡಿಂಗಿಗೆ ಕೊಟ್ಟು, ಅದರ ಹೊಸ ಅಳತೆಗೆ ಸರಿಯಾದ ದಪ್ಪ ಬೇರಿಂಗ್ ಹಾಕಬೇಕು. ಅದು ಬಿಟ್ಟು ಯಾರೋ ಸಂದಿಗೆ ತಗಡು ತುರುಕಿ ಮುಚ್ಚಿದ್ದರು. ಭಾರ ಎಳೆಯುವಾಗ ಆ ತಗಡು ಜಾರಿದರೆ ಬೇರಿಂಗ್ ಕಚ್ಚಿಕೊಳ್ಳುತ್ತದೆ, ರಾಡ್ ಮುರಿಯುತ್ತದೆ, ಮುರಿದ ರಾಡ್ ಎಂಜಿನ್ನಿನ ಪಕ್ಕೆ ಸೀಳಿಕೊಂಡು ಹೊರಗೆ ಹಾರುತ್ತದೆ. ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಅದು ನೋಡುವುದಿಲ್ಲ.

ಅಣ್ಣಾಗೆ ಫೋನ್ ಮಾಡಿ ಹೇಳಿದೆ. "ಓಡ್ತಾ ಇತ್ತಲ್ಲ ಮಾರಾಯ್ರೆ?" ಎಂದರು. ಫೋನನ್ನೂ ಎಸೆಯಬೇಕೆನಿಸಿತು.

ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಯಿತು. ಹೊಸ ಬೇರಿಂಗಿಗಾಗಿ ಬಿಡಿಭಾಗದ ಅಂಗಡಿಗಳಿರುವ ಗ್ರ್ಯಾಂಟ್ ರೋಡಿಗೆ ಹೋಗಿ ಬಂದೆ. ಗ್ಯಾರೇಜಿಗೆ ಬಂದು ಬಿಚ್ಚಿದರೆ ಡಬ್ಬದ ಮೇಲೆ ಒಂದು ಅಳತೆ, ಒಳಗೆ ಇನ್ನೊಂದು. ಮತ್ತೆ ಲೋಕಲ್ ರೈಲು, ಮತ್ತೆ ನೂಕುನುಗ್ಗಲು, ಅಂಗಡಿಯವನೊಡನೆ ಮತ್ತೆ ಜಗಳ. ಒಂದು ವಾರ ಎಂದದ್ದು ಮೂರು ವಾರವಾಯಿತು.

ರಾಡುಗಳನ್ನು ಡೀಸೆಲಿನಲ್ಲಿ ತೊಳೆಯುವಾಗ ಅವುಗಳ ಮೇಲಿನ ಗುರುತು ಕಂಡಿತು. ಯಾವ ರಾಡಿನ ಬುಡಕ್ಕೆ ಯಾವ ಕ್ಯಾಪ್ ಎಂದು ತಿಳಿಯಲು ಎಲ್ಲ ಮೆಕ್ಯಾನಿಕ್‌ಗಳೂ ಚುಕ್ಕೆ ಹೊಡೆಯುತ್ತಾರೆ. ಇಲ್ಲಿ ಚುಕ್ಕೆಗಳ ಕೆಳಗೆ ಉಳಿಯಿಂದ ಎಳೆದ ಓರೆಗೀಟೂ ಇತ್ತು. ಹಾಗೆ ಗೀಟು ಹಾಕುವವರು ಇಡೀ ಮುಂಬೈಯಲ್ಲಿ ನನಗೆ ಗೊತ್ತಿದ್ದಂತೆ ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ನನಗೆ ಅದನ್ನು ಕಲಿಸಿದ ಉಸ್ತಾದ್.

ವಿಜಯಪುರದ ಕಡೆಯಿಂದ ಬಂದವನು ನಮ್ಮ ಕಡೆಯವರೇ ಆದ ಅವರ ಆಂಟಾಪ್ ಹಿಲ್ಲಿನ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ದುಡಿದಿದ್ದೆ. ಒಮ್ಮೆ ಎಂಜಿನ್ನಿನೊಳಗೆ ಬಟ್ಟೆಯ ಒಂದು ಎಳೆ ಬಿಟ್ಟಿದ್ದಕ್ಕೆ ಎಲ್ಲರೆದುರು ಕಪಾಳಕ್ಕೆ ಹೊಡೆದಿದ್ದರು. ಒಂದು ಎಳೆಗೆ! ಆ ಹೊಡೆತವನ್ನು ನಾನು ಮೂವತ್ತು ವರ್ಷ ಪ್ರಸಾದದಂತೆ ಹೇಳಿಕೊಂಡು ಬಂದಿದ್ದೆ. ಅದೇ ಮನುಷ್ಯ ತಗಡು ಇಟ್ಟಿದ್ದರು.

ಮರುದಿನ ಬೆಳಿಗ್ಗೆಯೇ ಲೋಕಲ್ ಹಿಡಿದು ದಾದರಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಆಂಟಾಪ್ ಹಿಲ್ಲಿಗೆ ಹೋದೆ. ಗ್ಯಾರೇಜು ಮುಚ್ಚಿ ಕೆಲವು ವರ್ಷವಾಗಿತ್ತು. ಉಸ್ತಾದ್ ಮಗಳ ಮನೆಯಲ್ಲಿದ್ದರು. ಖುಷಿಯಿಂದ ಕೂರಿಸಿಕೊಂಡರು. ಚಹಾ ಬಂತು. ನಾನು ತಗಡನ್ನು ತೆಗೆದು ಕಪ್ಪಿನ ಬಸಿಯಲ್ಲಿಟ್ಟೆ.

"ಇದು ಯಾರ ಕೆಲಸರಿ ಉಸ್ತಾದ್?"

ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. "ಟ್ರ್ಯಾಕ್ಟರಿಂದೇನು? ನೀರಿನ ಟ್ಯಾಂಕರ್‌ನವಂದು?"

"ಹೌದ್ರಿ."

"ನಂದೇ."

ಅಲ್ಲ ಎನ್ನಲಿ ಎಂದು ದಾರಿಯುದ್ದಕ್ಕೂ ಬಯಸಿದ್ದೆ. ಬಸ್ಸಿನಲ್ಲಿ ಅವರ ಪರವಾಗಿ ನಾನೇ ನೆಪಗಳನ್ನು ಹುಡುಕಿಟ್ಟಿದ್ದೆ. ಒಂದನ್ನೂ ಅವರು ಬಳಸಿಕೊಳ್ಳಲಿಲ್ಲ.

"ಬ್ಯಾಸಗಿ ಇತ್ತು. ಚಾಳಿನ ಮಂದಿಗೆ ನೀರಿಲ್ಲ ಅಂತ ಅಂವ ತಲಿ ಮ್ಯಾಲ ಕುಂತಿದ್ದ. ನಾಕ್ ದಿನ ಓಡ್ಸು, ಆಮ್ಯಾಲ ಕ್ರ್ಯಾಂಕ್ ತಗದು ಸರಿ ಮಾಡೂಣು ಅಂದೆ. ತಿರುಗಿ ಬರಲೇ ಇಲ್ಲ."

"ನೀವು ಹುಡುಕ್ಕೊಂಡ ಹೋಗಬೇಕಿತ್ತು."

"ಹೋಗಬೇಕಿತ್ತು," ಎಂದರು. "ಹೋಗ್ಲಿಲ್ಲ."

"ಯಾರರೇ ಸತ್ತಿದ್ರ? ಒಂದ್ ಎಳಿಗೆ ನನ್ನ ಕಪಾಳಕ್ಕ ಹೊಡದ್ರಲ್ಲ, ನಿಮಗ ಯಾರ್ ಹೊಡೀಬೇಕು?"

ಒಳಗಿನಿಂದ ಮಗಳು ಬಂದು, "ಅಬ್ಬಾ ಸೆ ಐಸೆ ಬಾತ್ ಮತ್ ಕರೋ," ಎಂದು, ಅಪ್ಪನೊಡನೆ ಹೀಗೆ ಮಾತಾಡಬೇಡಿ ಎಂದು ಗದರಿದಳು. ಉಸ್ತಾದ್ ಅವಳಿಗೆ ಸುಮ್ಮನಿರು ಎಂದು ಕೈ ಮಾಡಿದರು. ನಾನು ಚಹಾ ಮುಟ್ಟದೆ ಎದ್ದು ಬಂದೆ.

ಗ್ಯಾರೇಜಿಗೆ ಬಂದವನು ಅದೇ ಸಿಟ್ಟಿನಲ್ಲಿ ಕೆಲಸಕ್ಕೆ ಕೂತೆ. ಪ್ರತಿ ಸುತ್ತಿಗೆ ಏಟಿನಲ್ಲೂ ಅವರಿಗೆ ಇನ್ನೊಂದು ಮಾತು ಹೇಳುತ್ತಿದ್ದೆ. ನಾಲ್ಕು ದಿನದಲ್ಲಿ ಎಂಜಿನ್ ಜೋಡಿಸಿ ಮುಗಿಸಿದೆ. ಸೆಲ್ಫ್ ಹೊಡೆದೊಡನೆ ಎದ್ದಿತು. ಆದರೆ ಮೇಲೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳಿಗೆ ಆಯಿಲ್ ಬರಲಿಲ್ಲ. ಮೀಟರಿನಲ್ಲಿ ಪ್ರೆಶರ್ ಸರಿಯಾಗಿತ್ತು, ರಾಕರ್‌ಗಳು ಮಾತ್ರ ಒಣಗಿ ಕಟಕಟ ಎನ್ನುತ್ತಿದ್ದವು. ಹೆಡ್ ಬಿಚ್ಚಿ ಆಯಿಲಿನ ದಾರಿಗಳಿಗೆಲ್ಲ ತಂತಿ ಹಾಕಿದೆ, ಗಾಳಿ ಊದಿದೆ. ಮತ್ತೆ ಜೋಡಿಸಿದೆ. ಒಣಗಿಯೇ ಇತ್ತು. ಮತ್ತೆ ಬಿಚ್ಚಿದೆ.

ಹೀಗೆ ಬಿಚ್ಚಿ ಜೋಡಿಸುತ್ತಿದ್ದ ಮೂರನೇ ದಿನ ಮಧ್ಯಾಹ್ನ ತಲೆ ಎತ್ತಿದರೆ ಬಾಗಿಲಲ್ಲಿ ಉಸ್ತಾದ್. ಮಂಡಿನೋವಿನ ಮನುಷ್ಯ, ಅಷ್ಟು ದೂರದಿಂದ ಒಬ್ಬರೇ ಬಂದಿದ್ದರು. ನಾನು ಬನ್ನಿ ಎನ್ನಲಿಲ್ಲ. ಅವರಾಗಿಯೇ ಒಳಗೆ ಬಂದು, ಒಣಗಿದ ರಾಕರ್ ಮೇಲೆ ಬೆರಳಾಡಿಸಿದರು.

"ಕ್ಯಾಮ್ ಬುಶ್ ಹೊಸಾದು ಹಾಕೀಯೇನು?"

"ಹೂಂ."

"ಅದರ ತೂತು ಎಲ್ಲಿಗಿ ಬಂದೈತಿ, ನೋಡೀಯೇನು?"

ನಾನು ಪಾನಾ ಎತ್ತಿಕೊಂಡೆ. ಬುಶ್ ಎಂದರೆ ಕ್ಯಾಮ್ ದಂಡ ತಿರುಗುವ ಲೋಹದ ಬಳೆ, ಅದರ ತೂತಿನ ಮೂಲಕವೇ ಆಯಿಲ್ ಮೇಲೇರಬೇಕು. ಮುಂಭಾಗವನ್ನೆಲ್ಲ ಬಿಚ್ಚಿ ಕ್ಯಾಮ್ ಹೊರಗೆಳೆದು ನೋಡಿದರೆ, ಬುಶ್ ತಿರುಗಿ ಕೂತಿತ್ತು. ತೂತಿಗೆ ಎದುರಾಗಿ ಗಟ್ಟಿ ಕಬ್ಬಿಣ. ಆಂಟಾಪ್ ಹಿಲ್ಲಿನಿಂದ ಬಂದ ದಿನ ಅದನ್ನು ಹೊಡೆದು ಕೂರಿಸಿದವನು ನಾನೇ. ತಗಡು ಅವರದೆಂದು ತಿಳಿದಾಗ ಬಂದಿದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಬಂತು. ಅವರ ಮೇಲೆಯೇ ಬಂತು. ತಪ್ಪು ನನ್ನದಾಗಿತ್ತು, ಅದನ್ನು ಕಂಡುಹಿಡಿದವರು ಅವರಾಗಿದ್ದರು.

ಸರಿಮಾಡಲು ಎರಡು ದಿನ ಹಿಡಿಯಿತು. ಎರಡೂ ದಿನ ಉಸ್ತಾದ್ ಬಂದು ಸ್ಟೂಲಿನ ಮೇಲೆ ಕೂತರು. ಸಾಮಾನು ಮುಟ್ಟದೆ ನೋಡುತ್ತಿದ್ದರು. ನಾವು ಎಂಜಿನ್ ಬಿಟ್ಟು ಬೇರೆ ಮಾತಾಡಲಿಲ್ಲ.

ಕೊನೆಗೆ ಅಣ್ಣಾ ಬಂದರು. ಎಂಜಿನ್ ಚಾಲೂ ಮಾಡಿದೆ. ರಾಕರ್‌ಗಳ ಮೇಲೆ ಆಯಿಲ್ ತೊಟ್ಟಿಕ್ಕಿತು, ಕಟಕಟ ನಿಂತಿತು. ಅಷ್ಟರಲ್ಲಿ ಉಸ್ತಾದ್ ಸ್ಟೂಲಿನಿಂದ ಎದ್ದರು.

"ಸೇಟ್, ಇದರಾಗ ತಗಡು ಇಟ್ಟಿದ್ದಂವ ನಾನು. ಇಂವ ನನ್ನ ಹೆಸರು ಹೇಳಿರಲಿಕ್ಕಿಲ್ಲ, ನಾನೇ ಹೇಳ್ತೀನಿ." ಯಾಕೆ ಇಟ್ಟರು, ಯಾಕೆ ಹುಡುಕಿಕೊಂಡು ಹೋಗಲಿಲ್ಲ ಎಂಬುದನ್ನೆಲ್ಲ ಬಿಡದೆ ಹೇಳಿದರು.

ಅಣ್ಣಾ ಗಲಿಬಿಲಿಯಾಗಿ ನನ್ನ ಮುಖ ನೋಡಿದರು. "ಅದೆಲ್ಲ ಎಂತದಕ್ಕೆ ಈಗ? ಈಗ ಸರಿ ಉಂಟಲ್ಲ?"

"ಸರಿ ಐತಿ ಅಂದ್ರ ಮುಗೀತೇನ್ರಿ? ನಿಮ್ಮ ಹೊಲದ ಮಂದಿ ಸಾಯತಿದ್ರು!" ಉಸ್ತಾದ್ ಕೂಗಿದ ಅಬ್ಬರಕ್ಕೆ ಅಣ್ಣಾ ಎರಡು ಹೆಜ್ಜೆ ಹಿಂದೆ ಸರಿದರು. ಕಪಾಳಕ್ಕೆ ಹೊಡೆದ ದಿನದ ದನಿಯೇ ಅದು.

ಉಸ್ತಾದರನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಸ್ಲೋ ಲೋಕಲ್ ಹತ್ತಿಸಿದೆ. ಕೂರಲು ಜಾಗ ಸಿಕ್ಕಿತು. ಕಿಟಕಿಯ ಹೊರಗೆ ನಿಂತು, "ನಿಮ್ಮ ಮ್ಯಾಲ ಸಿಟ್ಟು ಇನ್ನೂ ಐತ್ರಿ," ಎಂದೆ.

"ಇರಬೇಕು," ಎಂದರು. "ಬುಶ್ ಕೂಡ್ಸೂ ಮುಂದ ಮಾತ್ರ ನೀರು ಕುಡದು, ಸಿಟ್ಟು ಇಳಿಸ್ಕೊಂಡು ಕೂಡು."

ಗಾಡಿ ಹೊರಟಿತು. ನಾನು ಗ್ಯಾರೇಜಿಗೆ ನಡೆದೆ. ಒಂದು ಜನರೇಟರ್ ಅರ್ಧ ಬಿಚ್ಚಿ ಬಿದ್ದಿತ್ತು.